ತೋಟದ ಸೆನ್ಸರ್ ನೆಟ್‌ವರ್ಕ್: ಮನೆ ಹತ್ರದ ಡಬ್ಬಿಗಳ ಬ್ಯಾಟರಿಯೇ ಯಾಕೆ ಬೇಗ ಖಾಲಿ ಆಗ್ತದೆ?

ಪ್ರಶ್ನೆ: ನಮ್ದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಎರಡು ಗುಡ್ಡೆ ನಡುವೆ ಉದ್ದಕ್ಕೆ ಹೋಗುವ ಅಡಿಕೆ ತೋಟ. ಮಧ್ಯೆ ಕೊಕ್ಕೊ, ಅಡಿಕೆ ಮರಕ್ಕೆಲ್ಲ ಒಳ್ಳೆಮೆಣಸು ಬಳ್ಳಿ. ಮಣ್ಣಿನ ತೇವ ನೋಡ್ಲಿಕ್ಕೆ 14 ಸೆನ್ಸರ್ ಡಬ್ಬಿ ಹಾಕಿಸಿದ್ದೇನೆ, ಅದ್ರಲ್ಲಿ ಮೂರು ಡ್ರಿಪ್ಪಿನ ವಾಲ್ವನ್ನೂ ನಡೆಸ್ತವೆ, ಒಂದು ಸುರಂಗದ ನೀರು ಬೀಳುವ ಟಾಂಕಿಯ ಮಟ್ಟ ನೋಡ್ತದೆ. ಎಲ್ಲ ಡಬ್ಬಿಯ ರೀಡಿಂಗ್ ಬಂದು ಸೇರುವ ಗೇಟ್‌ವೇ ಮನೆಯ ಮಾಳಿಗೆಯಲ್ಲಿ. ಐದೈದು ನಿಮಿಷಕ್ಕೆ ರೀಡಿಂಗ್. ಹಾಕಿ ಕೊಟ್ಟವರು ಹೇಳಿದ್ದು ಇದು ಸೆಲ್ಫ್ ಆರ್ಗನೈಸಿಂಗ್ ಮೆಶ್, ಒಂದು ಡಬ್ಬಿಯ ರೀಡಿಂಗನ್ನು ಇನ್ನೊಂದು ದಾಟಿಸ್ತದೆ, ಎಲ್ಲಿ ಕಟ್ಟಿದ್ರೂ ಅದೇ ದಾರಿ ಹುಡುಕಿಕೊಳ್ತದೆ, ಬ್ಯಾಟರಿ ಎರಡು ವರ್ಷ ಬರ್ತದೆ ಅಂತ. ತೋಟದ ತುದಿಯ ಡಬ್ಬಿಗಳದ್ದು ವರ್ಷ ದಾಟಿದ್ರೂ ಸರಿ ಉಂಟು. ಆದ್ರೆ ಮನೆ ಕಡೆ, ಪಂಪ್ ಶೆಡ್ ಹತ್ರದ ಎರಡು ಡಬ್ಬಿಯದ್ದು ಎರಡು ತಿಂಗಳು ಬರುದಿಲ್ಲ. ಒಂದು ಸತ್ರೆ ಸ್ವಲ್ಪ ದಿನದಲ್ಲಿ ಇನ್ನೊಂದೂ ಸಾಯ್ತದೆ, ಆಮೇಲೆ ಇಡೀ ತೋಟದ ರೀಡಿಂಗ್ ಇಲ್ಲ. ಮಳೆಗಾಲದಲ್ಲಿ ಇನ್ನೂ ಬೇಗ. ಅಂಗಡಿಯವ್ರು ಬ್ಯಾಟರಿ ಡುಪ್ಲಿಕೇಟ್ ಅಂತಾರೆ, ಮಗ ಲೋರಾ ಅನ್ನುವ ದೂರ ಮುಟ್ಟುವ ರೇಡಿಯೋಕ್ಕೆ ಬದಲಾಯಿಸುವ ಅಂತಾನೆ, ನೆರೆಯವ್ರು ಒಂದೊಂದಕ್ಕೂ ಸಿಮ್ ಹಾಕಿ ಅಂತಾರೆ. ಅಪ್ಪನಿಗೆ ಇದ್ರ ರೇಡಿಯೇಶನ್ನಿಂದಲೇ ನಳ್ಳಿ (ಎಳೆ ಅಡಿಕೆ) ಉದುರುದು ಅಂತ ಸಂಶಯ. ಮೇಲಿನ ತಟ್ಟಿನಲ್ಲಿ ಹೊಸ ಗಿಡ ಇಟ್ಟಿದ್ದೇವೆ, ಅಲ್ಲಿಗೆ ಇನ್ನೂ 6 ಡಬ್ಬಿ ಹಾಕುವ ಅಂತಿದ್ದೇನೆ. ಹಾಕ್ಲಾ ಬೇಡ್ವಾ?

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಉಂಟು. ಒಂದೇ ಸಲ ತಂದ, ಒಂದೇ ಕಂಪನಿಯ ಬ್ಯಾಟರಿ ತುದಿಯಲ್ಲಿ ವರ್ಷ ಬರ್ತದೆ, ಮನೆ ಹತ್ರ ಎರಡು ತಿಂಗಳೂ ಬರುದಿಲ್ಲ ಅಂದ್ರೆ ತಪ್ಪು ಬ್ಯಾಟರಿಯದ್ದಲ್ಲ, ಆ ಎರಡು ಡಬ್ಬಿಗಳಿಗೆ ಬೀಳುವ ಕೆಲಸದ್ದು. ಡುಪ್ಲಿಕೇಟ್ ಬ್ಯಾಟರಿ ಮಾರ್ಕೆಟಲ್ಲಿ ಬೇಕಾದಷ್ಟು ಉಂಟು, ಅದು ಸುಳ್ಳಲ್ಲ. 18650 ಸೈಜಿನ ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿತದೆ ಅನ್ನುವ ಅಳತೆ) ಅಂತ ಬರೆದಿದ್ರೆ ಕಣ್ಣು ಮುಚ್ಚಿ ವಾಪಸ್ ಕೊಡಿ, ಯಾಕಂದ್ರೆ ಆ ಸೈಜಿನ ಒಳ್ಳೆ ಸೆಲ್ಲಿಗೂ 3500ರ ಆಸುಪಾಸೇ ಮಿತಿ. ಸಂಶಯ ಪೂರ್ತಿ ಹೋಗ್ಬೇಕಾದ್ರೆ ತುದಿಯ ಒಂದು ಡಬ್ಬಿಗೂ ಪಂಪ್ ಶೆಡ್ಡಿನ ಡಬ್ಬಿಗೂ ಒಂದೇ ಪ್ಯಾಕೆಟಿನ ಹೊಸ ಸೆಲ್ ಹಾಕಿ ನೋಡಿ. ಆಗ್ಲೂ ಪಂಪ್ ಶೆಡ್ಡಿನದ್ದೇ ಮೊದಲು ಖಾಲಿ ಆಗ್ತದೆ.

ಮೊದ್ಲು ಒಂದು ತಪ್ಪು ಕಲ್ಪನೆ ತೆಗೀಬೇಕು. ಸಿಗ್ನಲ್ ಕಳಿಸುವಾಗ ಬ್ಯಾಟರಿ ಖರ್ಚಾಗ್ತದೆ, ಸುಮ್ಮನೆ ಇದ್ರೆ ಖರ್ಚಿಲ್ಲ ಅಂತ ಹೆಚ್ಚಿನವ್ರು ತಿಳ್ಕೊಂಡಿದ್ದಾರೆ. ಈ ಸಣ್ಣ ರೇಡಿಯೋಗಳಲ್ಲಿ ಹಾಗಲ್ಲ, ಕೇಳಿಸ್ಕೊಳ್ತಾ ಕೂತ್ರೂ ಅಷ್ಟೇ ಖರ್ಚು. ಸೆನ್ಸರ್ ನೆಟ್‌ವರ್ಕಿನ ಸಂಶೋಧನೆಯಲ್ಲಿ ವರ್ಷಗಟ್ಟಲೆ ಬಳಸಿದ ಸಿಸಿ2420 ಅಂತ ಒಂದು ಚಿಪ್ ಉಂಟು, ಅದು ಪೂರ್ತಿ ಪವರಲ್ಲಿ ಕಳಿಸುವಾಗ 17.4 ಮಿಲಿಆಂಪ್ ಎಳೀತದೆ, ಬರೀ ಕೇಳುವಾಗ 18.8 ಮಿಲಿಆಂಪ್. ಅಂದ್ರೆ ಕೇಳುದೇ ಒಂಚೂರು ದುಬಾರಿ. ಅದ್ರ ಮೇಲೆ ಒಂದು ಪ್ಯಾಕೆಟ್, ಅಂದ್ರೆ ಒಂದು ಸಲಕ್ಕೆ ಕಳಿಸುವ ಸುದ್ದಿಯ ಕಟ್ಟು, ಕಳಿಸ್ಲಿಕ್ಕೆ ಹಿಡಿಯುವ ಸಮಯ ನೋಡಿ: ಝಿಗ್‌ಬೀ ಮತ್ತೆ ಅದೇ ಜಾತಿಯ ಮೆಶ್‌ಗಳ ಅಡಿಪಾಯ 802.15.4 ಅನ್ನುವ ಸ್ಟ್ಯಾಂಡರ್ಡ್, ಅದ್ರಲ್ಲಿ ಅತಿ ದೊಡ್ಡ ಪ್ಯಾಕೆಟ್ 127 ಬೈಟ್, ಸ್ಪೀಡ್ ಸೆಕೆಂಡಿಗೆ 250 ಕಿಲೋಬಿಟ್, ನಾಲ್ಕು ಮಿಲಿಸೆಕೆಂಡಲ್ಲಿ ಮುಗೀತು. ಐದು ನಿಮಿಷಕ್ಕೆ ನಾಲ್ಕು ಮಿಲಿಸೆಕೆಂಡ್ ಅಂದ್ರೆ ಎಂತ ಖರ್ಚು ಮಾರಾಯ್ರೆ? ಏನೂ ಇಲ್ಲ. ಆದ್ರೆ ಬೇರೆಯವ್ರು ಯಾವಾಗ ಮಾತಾಡ್ತಾರೋ ಅಂತ ಕಿವಿ ತೆರೆದು ಕೂತಿರುದು ಉಂಟಲ್ಲ, ಅದು ಬ್ಯಾಟರಿ ತಿನ್ನುದು.

ಲೆಕ್ಕ ಹಾಕಿ ನೋಡುವ. 2500 ಎಂಎಎಚ್ ಸೆಲ್ ಅಂತ ಇಟ್ಕೊಳ್ಳಿ. ರೇಡಿಯೋ ಇಡೀ ದಿನ ಕೇಳ್ತಾ ಇದ್ರೆ ಐದೂವರೆ ದಿನದಲ್ಲಿ ಖಾಲಿ. ನೂರು ಸೆಕೆಂಡಲ್ಲಿ ಹತ್ತು ಸೆಕೆಂಡ್ ಮಾತ್ರ ಎಚ್ಚರ ಇದ್ರೆ 55 ದಿನ. ಒಂದೇ ಸೆಕೆಂಡ್ ಎಚ್ಚರ ಇದ್ರೆ ಒಂದೂವರೆ ವರ್ಷ (ಸೆನ್ಸರಿನ ಖರ್ಚು, ಸೆಲ್ ತನ್ನಷ್ಟಕ್ಕೇ ಇಳಿಯುದು ಇದನ್ನೆಲ್ಲ ಬಿಟ್ಟು). ನಿಮ್ಮ ತುದಿಯ ಡಬ್ಬಿಗಳು ಈ ಒಂದು ಪರ್ಸೆಂಟಿನ ಗುಂಪಲ್ಲಿ ಉಂಟು, ಪಂಪ್ ಶೆಡ್ಡಿನವು ಹತ್ತು ಪರ್ಸೆಂಟಿನ ಆಚೀಚೆ. ಎರಡು ವರ್ಷ ಬರ್ತದೆ ಅಂದವ್ರು ಸುಳ್ಳು ಹೇಳಿದ್ರು ಅಂತ ನಾನು ಹೇಳುದಿಲ್ಲ, ಅವ್ರು ಒಂದೇ ಡಬ್ಬಿಯ ಲೆಕ್ಕ ಹೇಳಿದ್ದಿರ್ಬೇಕು. ಹದಿನಾಲ್ಕು ಸೇರಿದ ಮೇಲೆ ಲೆಕ್ಕ ಬೇರೆ.

ಯಾಕೆ ಆ ಎರಡಕ್ಕೇ ಅಂತ ಕೇಳಿದ್ರೆ, ನಿಮ್ಮ ತೋಟದ ಕಣಿಯನ್ನೇ ನೋಡಿ. ಮೇಲಿನ ಕಣಿಯಲ್ಲಿ ನೀರು ಒಂದು ಗೇಣು ಇರ್ತದೆ, ತೋಡಿಗೆ ಸೇರುವ ಕಡೆಯ ಕಣಿಯಲ್ಲಿ ಇಡೀ ತೋಟದ ನೀರು ಇಳೀತದೆ, ಆ ಕಣಿ ಮೊದ್ಲು ಕೊರೆದು ಹೋಗ್ತದೆ. ತುದಿಯ ಡಬ್ಬಿಗೆ ತನ್ನ ರೀಡಿಂಗ್ ಮಾತ್ರ, ಪಂಪ್ ಶೆಡ್ಡಿನ ಡಬ್ಬಿಗೆ ತನ್ನದೂ ಹಿಂದಿನ ಹತ್ತು ಹನ್ನೊಂದರದ್ದೂ. ಎರಡು ಗುಡ್ಡೆ ನಡುವಿನ ಉದ್ದದ ತೋಟ ಆದ ಕಾರಣ ಬೇರೆ ದಾರಿಯೂ ಇಲ್ಲ. ಇದು ನಿಮ್ಮ ಸಿಸ್ಟಮಿನ ದೋಷ ಅಂತ ತಿಳಿಬೇಡಿ, ಹಲವು ಹೆಜ್ಜೆ ದಾಟಿ ಒಂದೇ ಗೇಟ್‌ವೇಗೆ ಬರುವ ಎಲ್ಲ ನೆಟ್‌ವರ್ಕಿನಲ್ಲೂ ಗೇಟ್‌ವೇ ಹತ್ರದವು ಮೊದ್ಲು ಸಾಯ್ತವೆ. ನಮ್ಮ ಕೆಲಸದವ್ರು ಇದಕ್ಕೆ ಎನರ್ಜಿ ಹೋಲ್ ಅಂತಾರೆ.

ಮತ್ತೆ ಆ ಡಬ್ಬಿ ಪ್ಯಾಕೆಟ್ ದಾಟಿಸುವ ರೀತಿಯೂ ಸಸಾರ ಇಲ್ಲ. ಬ್ಯಾಟರಿಯ ಮೆಶ್‌ನಲ್ಲಿ ಎಲ್ಲರೂ ನಿದ್ದೆ ಮಾಡ್ತಾ ಸೆಕೆಂಡಿಗೆ ಕೆಲವು ಸಲ ಒಂದು ಕ್ಷಣ ಎದ್ದು ಗಾಳಿಯಲ್ಲಿ ಏನಾದ್ರೂ ಉಂಟಾ ಅಂತ ನೋಡಿ ಪುನಃ ಮಲಗುದು. ಕಳಿಸುವವನಿಗೆ ಆಚೆಯವನು ಯಾವಾಗ ಏಳ್ತಾನೆ ಗೊತ್ತಿಲ್ಲ, ಹಾಗಾಗಿ ಅವನು ಎದ್ದು ಉತ್ತರ ಕೊಡುವ ವರೆಗೆ ಅದೇ ಪ್ಯಾಕೆಟನ್ನು ಪುನಃ ಪುನಃ ಕಳಿಸ್ತಾ ಇರ್ಬೇಕು. ನಾಲ್ಕು ಮಿಲಿಸೆಕೆಂಡಿನ ಕೆಲಸ ನೂರು ಮಿಲಿಸೆಕೆಂಡ್ ಆಗ್ತದೆ. ಹತ್ರದಲ್ಲಿ ಇದ್ದ ಮೂರನೆಯವನೂ ಅದನ್ನು ಕೇಳಿಸ್ಕೊಂಡು ತನ್ನದಲ್ಲ ಅಂತ ಬಿಡುವಷ್ಟರಲ್ಲಿ ಅವನ ಬ್ಯಾಟರಿಯೂ ಸ್ವಲ್ಪ ಹೋಯ್ತು. ಹನ್ನೆರಡು ಜನರ ಪ್ಯಾಕೆಟ್ ದಾಟುವ ಜಾಗದಲ್ಲಿ ಇದು ಎಷ್ಟಾಗ್ತದೆ ನೋಡಿ.

ಈಗ ಸೆಲ್ಫ್ ಆರ್ಗನೈಸಿಂಗ್ ವಿಷಯ. ಅದು ಸುಳ್ಳಲ್ಲ, ನಿಜವಾಗಿ ದಾರಿ ಹುಡುಕ್ತದೆ, ಒಂದು ಸತ್ರೆ ಇನ್ನೊಂದ್ರ ಮೂಲಕ ಹೋಗ್ತದೆ. ಆದ್ರೆ ದಾರಿ ಆರಿಸುವಾಗ ಅದು ನೋಡುದು ಯಾರ ಬ್ಯಾಟರಿ ಎಷ್ಟು ಉಂಟು ಅಂತ ಅಲ್ಲ, ಯಾವ ದಾರಿಯಲ್ಲಿ ಪ್ಯಾಕೆಟ್ ಕಮ್ಮಿ ಸಲ ಕಳಿಸಿದ್ರೆ ಮುಟ್ತದೆ ಅಂತ. 2012ರಲ್ಲಿ ಸ್ಟ್ಯಾಂಡರ್ಡ್ ಆದ ಆರ್‌ಪಿಎಲ್ ಅನ್ನುವ ರೂಟಿಂಗ್ ಪ್ರೋಟೋಕಾಲಿನಲ್ಲಿ ಬ್ಯಾಟರಿಯನ್ನೂ ಲೆಕ್ಕಕ್ಕೆ ತಗೊಳ್ಲಿಕ್ಕೆ ಅವಕಾಶ ಇಟ್ಟಿದ್ದಾರೆ, ಆದ್ರೆ ಹೆಚ್ಚಿನ ಕಡೆ ಹಾಕುದು ಲಿಂಕ್ ಒಳ್ಳೆದುಂಟಾ ಅಂತ ನೋಡುವ ಲೆಕ್ಕವನ್ನೇ. ಹಾಗಾಗಿ ಯಾವ ಡಬ್ಬಿಯ ಸಿಗ್ನಲ್ ಗೇಟ್‌ವೇಗೆ ಚೆನ್ನಾಗಿ ಸಿಗ್ತದೋ ಅದ್ರ ತಲೆ ಮೇಲೆ ಎಲ್ಲರೂ, ಅದು ಸಾಯುವ ವರೆಗೂ. ಅದು ಸತ್ತ ಮೇಲೆ ಎಲ್ಲರೂ ಎರಡನೆಯದ್ರ ಮೇಲೆ. ಒಂದು ಸತ್ರೆ ಸ್ವಲ್ಪ ದಿನದಲ್ಲಿ ಇನ್ನೊಂದು ಅಂತ ನೀವು ಬರೆದದ್ದು ಇದೇ.

ಸರದಿ ಮೇಲೆ ಭಾರ ಹಂಚುವ ಪ್ರೋಟೋಕಾಲ್ ಉಂಟಲ್ವಾ ಅಂತ ನಿಮ್ಮ ಮಗ ಕೇಳ್ಬಹುದು, ನೆಟ್ಟಲ್ಲಿ ಹುಡುಕಿದ್ರೆ ಮೊದ್ಲು ಸಿಗುದೇ ಲೀಚ್. 2000ರಲ್ಲಿ ಅಮೆರಿಕದ ಎಂಐಟಿಯ ವೆಂಡಿ ಹೈಂಜಲ್‌ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ ಇವ್ರು ಬರೆದದ್ದು. ಗುಂಪಿನ ಮುಖ್ಯಸ್ಥನ ಕೆಲಸ ಇವತ್ತು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ಅಂತ ತಿರುಗಿಸ್ತಾ ಹೋಗುದು, ಬಹಳ ಚಂದದ ಯೋಚನೆ, ಆಮೇಲೆ ಬಂದ ನೂರಾರು ಕೆಲಸಕ್ಕೆ ಅದೇ ದಾರಿ ಹಾಕಿ ಕೊಟ್ಟದ್ದು. ಆದ್ರೆ ಅದ್ರಲ್ಲಿ ಯಾವ ಡಬ್ಬಿಯಿಂದ್ಲೂ ಗೇಟ್‌ವೇಗೆ ನೇರ ಸಿಗ್ನಲ್ ಮುಟ್ತದೆ ಅಂತ ಹಿಡ್ಕೊಂಡಿದ್ದಾರೆ. ಬಯಲಲ್ಲಿ ಸರಿ. ಗುಡ್ಡೆ ಬದಿಯಲ್ಲಿ ಬಗ್ಗಿ ಹೋಗುವ ನಮ್ಮ ತೋಟಗಳಲ್ಲಿ ತುದಿಯ ಡಬ್ಬಿಗೆ ಮನೆ ಕಾಣುದೇ ಇಲ್ಲ, ಸರದಿ ಕೊಟ್ಟು ಪ್ರಯೋಜನ ಎಂತ?

ಮಳೆಗಾಲದ್ದು ಬೇರೆಯೇ ಕತೆ, ಅದ್ರಲ್ಲಿ ಎರಡು ಮೂರು ಕಾರಣ ಒಟ್ಟಿಗೆ ಸೇರ್ತವೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ. ಒದ್ದೆ ಎಲೆ 2.4 ಗಿಗಾಹರ್ಟ್ಸ್ ಸಿಗ್ನಲನ್ನು ಚೆನ್ನಾಗಿ ಹೀರ್ತದೆ, ಕೊಕ್ಕೊ ಎಲೆ ಅಗಲ ಬೇರೆ. ಎರಡು ಸಲ ಕಳಿಸಿದ್ರೆ ಒಂದು ಸಲ ಮುಟ್ಟುವ ಲಿಂಕ್ ಅಂದ್ರೆ ಖರ್ಚು ಡಬಲ್. ಡಬ್ಬಿ ಕಟ್ಟಿದ ಮರಕ್ಕೆ ಒಳ್ಳೆಮೆಣಸು ಬಳ್ಳಿ ಹಬ್ಬಿ ಆಂಟೆನಾವನ್ನೇ ಮುಚ್ಚಿದ್ದು ನಾನು ಸುಮಾರು ತೋಟಗಳಲ್ಲಿ ನೋಡಿದ್ದೇನೆ, ಹಾಕುವಾಗ ಬಳ್ಳಿ ಮೊಣಕಾಲಿನ ಎತ್ತರ ಇತ್ತು, ಈಗ ತಲೆ ಮೇಲೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವಾಗ ಅದು ಕನೆಕ್ಟರಿನ ಮೇಲೆಲ್ಲ ಕೂರ್ತದೆ, ಅಲ್ಲಿ ಮೈಲುತುತ್ತು ಉಂಟು, ಒದ್ದೆಯಲ್ಲಿ ಲೋಹ ತಿಂದು ಹಾಕ್ತದೆ. ಮದ್ದು ಬಿಡುವ ದಿನ ಡಬ್ಬಿಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಸಂಜೆ ತೆಗೀರಿ.

ಇನ್ನೊಂದು ಕಾರಣ ಯಾರೂ ಲೆಕ್ಕಕ್ಕೆ ತಗೊಳ್ಳುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗ್ತದಲ್ಲ, ಆಗ ನಿಮ್ಮ ಮಾಳಿಗೆಯ ಗೇಟ್‌ವೇ ಆಫ್ ಆಗ್ತದಾ? ಆಗುದಾದ್ರೆ ದೊಡ್ಡ ಸೋರಿಕೆ ಅಲ್ಲೇ ಇರ್ಬಹುದು. ಗೇಟ್‌ವೇ ಕಾಣದಾದ ಕೂಡ್ಲೆ ಡಬ್ಬಿಗಳೆಲ್ಲ ದಾರಿ ತಪ್ಪಿತು ಅಂತ ಹುಡುಕ್ಲಿಕ್ಕೆ ಶುರು ಮಾಡ್ತವೆ. ಇಂಥ ನೆಟ್‌ವರ್ಕ್ ಎಲ್ಲ ಸರಿ ಇದ್ದಾಗ ದಾರಿಯ ಸುದ್ದಿ ಅಪರೂಪಕ್ಕೆ ಹಂಚಿಕೊಳ್ತದೆ, ಏನಾದ್ರೂ ವ್ಯತ್ಯಾಸ ಕಂಡ್ರೆ ಪುನಃ ಪುನಃ ಹೇಳ್ತದೆ. ಟ್ರಿಕಲ್ ಅಂತ ಆ ವಿಧಾನದ ಹೆಸರು, ಆರ್‌ಪಿಎಲ್ ಕೂಡ ಅದನ್ನೇ ಬಳಸುದು, ಶಾಂತ ಇದ್ದಾಗ ಉಳಿತಾಯಕ್ಕೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ. ಆದ್ರೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬಂದ್ರೆ ಶಾಂತಿ ಎಲ್ಲಿಂದ? ಗೇಟ್‌ವೇಗೆ ವೈಫೈ ರೂಟರಿಗೆ ಹಾಕುವಂಥ ಸಣ್ಣ ಡಿಸಿ ಯುಪಿಎಸ್ ಹಾಕಿ, ಅಥ್ವಾ ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿ. ಇದೇ ಮೊದ್ಲ ಕೆಲಸ, ಖರ್ಚೂ ಕಮ್ಮಿ. ಸತ್ತ ಡಬ್ಬಿಯನ್ನು ವಾರಗಟ್ಟಲೆ ಹಾಗೇ ಬಿಟ್ರೂ ಇದೇ ಹಾಳು, ಅದ್ರ ಹಿಂದಿನ ಡಬ್ಬಿಗಳು ದಾರಿ ಹುಡುಕ್ತಾ ತಮ್ಮ ಬ್ಯಾಟರಿ ಸುಡ್ತಾ ಇರ್ತವೆ.

ಎರಡನೇ ಕೆಲಸ, ಪಂಪ್ ಶೆಡ್ಡಿನ ಆ ಎರಡು ಡಬ್ಬಿಯನ್ನು ಬ್ಯಾಟರಿಯಿಂದ ಬಿಡಿಸಿ. ಭಾರ ಹೊರುವವನಿಗೆ ಊಟ ಹೆಚ್ಚು ಕೊಡ್ಬೇಕು, ಅಷ್ಟೇ. ಶೆಡ್ಡಲ್ಲಿ ಕರೆಂಟ್ ಉಂಟಲ್ಲ, ಅಡಾಪ್ಟರಿಂದ ಚಾರ್ಜ್ ಆಗುವ ಸೆಲ್ ಇಟ್ರೆ ಕರೆಂಟ್ ಹೋದಾಗ್ಲೂ ನಡೀತದೆ. ಆದ್ರೆ ಎರಡು ಅಪಾಯ ಉಂಟು, ನೋಡ್ಕೊಳ್ಳಿ. ಮೋಟರ್ ಸ್ಟಾರ್ಟ್ ಆಗುವಾಗ ಆ ಲೈನಲ್ಲಿ ವೋಲ್ಟೇಜ್ ಕುಣೀತದೆ, ಕಡಿಮೆ ರೇಟಿನ ಮೊಬೈಲ್ ಚಾರ್ಜರ್ ಅಲ್ಲಿ ಬಾಳುದಿಲ್ಲ, ಸರ್ಜ್ ಪ್ರೊಟೆಕ್ಷನ್ ಇದ್ದ ಒಳ್ಳೆ ಪವರ್ ಸಪ್ಲೈ ಬೇಕು. ಇನ್ನೊಂದು ಸಿಡಿಲು. ಎಪ್ರಿಲ್ ಮೇ, ಮತ್ತೆ ಅಕ್ಟೋಬರ್ ನವೆಂಬರ್, ನಮ್ಮ ಕಡೆ ಗುಡುಗು ಮಿಂಚಿನ ತಿಂಗಳುಗಳು. ಶೆಡ್ಡಿಂದ ತೋಟದೊಳಗೆ ಉದ್ದಕ್ಕೆ ವಯರ್ ಎಳೆದ್ರೆ ಆ ವಯರಲ್ಲೇ ಸಿಡಿಲಿನ ಸರ್ಜ್ ಬಂದು ಡಬ್ಬಿಯನ್ನೂ ಪಂಪಿನ ಸ್ಟಾರ್ಟರನ್ನೂ ಸುಟ್ಟೀತು. ವಯರ್ ಗಿಡ್ಡ ಇರ್ಲಿ, ಡಬ್ಬಿಯನ್ನೇ ಶೆಡ್ಡಿನ ಹತ್ರ ತನ್ನಿ. ಶೆಡ್ಡಿನ ಒಳಗೆ ಮಾತ್ರ ಇಡ್ಬೇಡಿ, ಒದ್ದೆ ಮುರಕಲ್ಲಿನ ಗೋಡೆ ಸಿಗ್ನಲನ್ನು ನುಂಗ್ತದೆ, ಆಂಟೆನಾ ಆದ್ರೂ ಹೊರಗೆ ಇರ್ಬೇಕು. ಸುರಂಗದ ಟಾಂಕಿಯ ಡಬ್ಬಿಗೂ ಅದೇ ಮಾತು, ಅದು ಮುರಕಲ್ಲಿನ ಗೂಡಿನ ಒಳಗೆ ಇದ್ರೆ ಆಂಟೆನಾವನ್ನು ಒಂದು ತುಂಡು ಕೇಬಲಲ್ಲಿ ಹೊರಗೆ ತನ್ನಿ.

ಸೋಲಾರ್ ಹಾಕ್ಲಿಕ್ಕೆ ಆಗುದಿಲ್ವಾ ಅಂದ್ರೆ, ಆ ಎರಡಕ್ಕೆ ಆಗ್ತದೆ, ಶೆಡ್ಡಿನ ಮಾಡಿನ ಮೇಲೆ ಬಿಸಿಲು ಬೀಳುದಾದ್ರೆ. ಅಡಿಕೆ ಮರದ ನೆರಳಲ್ಲಿ ಹದಿನಾಲ್ಕಕ್ಕೂ ಪ್ಯಾನಲ್ ಹಾಕುದು ನನ್ನ ಪ್ರಕಾರ ದುಡ್ಡು ದಂಡ. ಜುಲೈಯಲ್ಲಿ ವಾರಗಟ್ಟಲೆ ಮೋಡ, ಪ್ಯಾನಲಿನ ಮೇಲೆ ಪಾಚಿ, ಬೋರ್ಡೋದ ಕಲೆ.

ರೀಡಿಂಗಿನ ವಿಷಯ ನೇರ ಹೇಳ್ತೇನೆ, ಐದು ನಿಮಿಷಕ್ಕೊಮ್ಮೆ ಮಣ್ಣಿನ ತೇವ ನೋಡಿ ಎಂತ ಮಾಡ್ಲಿಕ್ಕುಂಟು? ಮಣ್ಣು ಅಷ್ಟು ಬೇಗ ಒಣಗುದೂ ಇಲ್ಲ, ಒದ್ದೆ ಆಗುದೂ ಇಲ್ಲ. ಬೇಸಿಗೆಯಲ್ಲಿ ಗಂಟೆಗೊಮ್ಮೆ ಸಾಕು, ಜೂನಿಂದ ಸೆಪ್ಟೆಂಬರಿಗೆ ದಿನಕ್ಕೆ ಎರಡು ಸಲ ಸಾಕು, ಆಗ ಡ್ರಿಪ್ ಬಿಡುವವ್ರು ಯಾರು? ಗಂಟೆಗೊಮ್ಮೆ ಮಾಡಿದ್ರೆ ಪಂಪ್ ಶೆಡ್ಡಿನ ಡಬ್ಬಿ ದಾಟಿಸುವ ಪ್ಯಾಕೆಟ್ ಹನ್ನೆರಡರಲ್ಲಿ ಒಂದು ಪಾಲು ಆಗ್ತದೆ. ಕಿವಿ ತೆರೆಯುವ ಖರ್ಚು ಮಾತ್ರ ಹಾಗೇ ಇರ್ತದೆ, ಹಾಗಾಗಿ ಬ್ಯಾಟರಿಯೂ ಹನ್ನೆರಡು ಪಟ್ಟು ಬರ್ತದೆ ಅಂತ ಎಣಿಸ್ಬೇಡಿ. ಮರಕ್ಕೆ ಎಷ್ಟು ನೀರು, ಯಾವ ತೇವಕ್ಕೆ ವಾಲ್ವ್ ತೆರೀಬೇಕು ಅನ್ನುದಕ್ಕೆ ನನ್ನನ್ನು ಕೇಳುದಕ್ಕಿಂತ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವ್ರನ್ನೋ, ಅವ್ರದ್ದೇ ವಿಟ್ಲದ ಕೇಂದ್ರದವ್ರನ್ನೋ ಕೇಳಿ, ಅಡಿಕೆಯ ಕೆಲಸ ಅವ್ರದ್ದು.

ಡಬ್ಬಿ ಕಟ್ಟುವ ಎತ್ತರವೂ ಮುಖ್ಯ. ಸಿಗ್ನಲ್ ನೂಲು ಹಿಡಿದ ಹಾಗೆ ಹೋಗುದಿಲ್ಲ, ಅದಕ್ಕೆ ಸುತ್ತ ಖಾಲಿ ಜಾಗ ಬೇಕು. 60 ಮೀಟರ್ ದೂರದ ಲಿಂಕಿಗೆ ಮಧ್ಯದಲ್ಲಿ ನಡುಗೆರೆಯಿಂದ ಮೇಲೆ ಕೆಳಗೆ ಸುಮಾರು 1.4 ಮೀಟರ್ ಅಷ್ಟಷ್ಟು. ಮೊಣಕಾಲಿನ ಎತ್ತರಕ್ಕೆ ಕಟ್ಟಿದ್ರೆ ಅರ್ಧ ನೆಲಕ್ಕೇ ಹೋಯ್ತು. ಸೆನ್ಸರ್ ಮಣ್ಣಲ್ಲಿ ಇರ್ಲಿ, ಡಬ್ಬಿ ಮೇಲೆ ಇರ್ಲಿ, ಕೊಕ್ಕೊದ ತಲೆಗಿಂತ ಮೇಲೆ, ಅಡಿಕೆಯ ಸೋಗೆಗಿಂತ ಕೆಳಗೆ ಬರೀ ಕಾಂಡ ಇರುವ ಆ ನಡುವಿನ ಜಾಗ ಸಿಗ್ನಲಿಗೆ ಒಳ್ಳೆ ಹಾದಿ.

ಲೋರಾಕ್ಕೆ ಹೋಗುವ ವಿಚಾರ. ನಿಮ್ಮ ಮಗ ಹೇಳುದು ತಪ್ಪಲ್ಲ. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸಿನ ಆಸುಪಾಸು ಲೈಸನ್ಸ್ ಇಲ್ಲದೆ ಬಳಸ್ಬಹುದು, ಎಲೆ ಮರ ದಾಟುದ್ರಲ್ಲಿ ಅದು 2.4 ಗಿಗಾಹರ್ಟ್ಸಿಗಿಂತ ಎಷ್ಟೋ ವಾಸಿ. ಲೋರಾದ ನೆಟ್‌ವರ್ಕ್ ಲೋರಾವ್ಯಾನಿನಲ್ಲಿ ಸಾಮಾನ್ಯಕ್ಕೆ ಒಬ್ಬರ ಪ್ಯಾಕೆಟ್ ಇನ್ನೊಬ್ಬರು ಹೊರುದಿಲ್ಲ, ಪ್ರತಿ ಡಬ್ಬಿ ನೇರ ಗೇಟ್‌ವೇ ಹತ್ರ ಮಾತಾಡುದು, ಹಾಗಾಗಿ ಪಂಪ್ ಶೆಡ್ಡಿನ ಸಮಸ್ಯೆ ಅಲ್ಲಿ ಹುಟ್ಟುದೇ ಇಲ್ಲ. ಆದ್ರೆ ಗೇಟ್‌ವೇ ಗುಡ್ಡೆ ಮೇಲೆ, ತೋಟಕ್ಕೆ ಕಾಣುವ ಜಾಗದಲ್ಲಿ ಇರ್ಬೇಕು. ಸಿಗ್ನಲ್ ಕಷ್ಟದಲ್ಲಿ ಮುಟ್ಟುವ ಡಬ್ಬಿ ತುಂಬಾ ನಿಧಾನ ಮಾತಾಡ್ಬೇಕಾಗ್ತದೆ, ಹತ್ರದ ಡಬ್ಬಿ ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಕಮ್ಮಿ ಸಮಯದಲ್ಲಿ ಮುಗಿಸುವ ಮಾತಿಗೆ ದೂರದ್ದು ಸೆಕೆಂಡಿಗಿಂತ ಹೆಚ್ಚು ತಗೊಳ್ತದೆ, ಆಗ ತುದಿಯ ಬ್ಯಾಟರಿ ಮೊದ್ಲು ಹೋಗ್ತದೆ. ಮತ್ತೆ ನಿಮ್ಮ ಮೂರು ವಾಲ್ವ್. ಬ್ಯಾಟರಿ ಉಳಿಸುವ ಕ್ಲಾಸ್ ಎ ಡಬ್ಬಿ ತಾನು ಮಾತಾಡಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಕೇಳಿಸ್ಕೊಳ್ತದೆ, ನೀವು ಫೋನಲ್ಲಿ ವಾಲ್ವ್ ಮುಚ್ಚು ಅಂದ್ರೆ ಅದು ಮುಂದಿನ ಸಲ ಎದ್ದಾಗ್ಲೇ ಮುಚ್ಚುದು. ಕೂಡ್ಲೆ ಮುಚ್ಚಬೇಕಾದ್ರೆ ಯಾವಾಗ್ಲೂ ಕೇಳುವ ಕ್ಲಾಸ್ ಸಿ ಬೇಕು, ಅದಕ್ಕೆ ಕರೆಂಟೇ ಬೇಕು. ಹೊಸದಾಗಿ ಮಾಡುದಾದ್ರೆ ನಾನು ಲೋರಾವನ್ನೇ ಹೇಳ್ತಿದ್ದೆ. ಈಗ ಇರುವ ಹದಿನಾಲ್ಕನ್ನು ಬಿಸಾಡಿ ಬದಲಾಯಿಸುವಷ್ಟು ಹಾಳಾಗಿಲ್ಲ.

ಒಂದೊಂದಕ್ಕೂ ಸಿಮ್ ಬೇಡವೇ ಬೇಡ. ನಮ್ಮ ಗಡಿ ಕಡೆ ಗುಂಡಿಯ ತೋಟಗಳಲ್ಲಿ ಫೋನ್ ಒಮ್ಮೆ ಕೇರಳದ ಟವರ್, ಒಮ್ಮೆ ಕರ್ನಾಟಕದ ಟವರ್ ಅಂತ ಹಾರ್ತಾ ಇರುದು ನಿಮಗೇ ಗೊತ್ತುಂಟು. ಸಿಗ್ನಲ್ ವೀಕ್ ಇದ್ದಲ್ಲಿ 4ಜಿ ಮಾಡ್ಯೂಲ್ 200 ಮಿಲಿವಾಟ್ ವರೆಗೆ ಕೂಗ್ತದೆ, ನಿಮ್ಮ ಮೆಶ್ ಡಬ್ಬಿಯಂಥವು ಸಾಮಾನ್ಯಕ್ಕೆ ಒಂದರಿಂದ ಹತ್ತು ಮಿಲಿವಾಟ್ ಒಳಗೆ. ಸಿಮ್ ಗೇಟ್‌ವೇಗೆ ಒಂದು ಸಾಕು. ಅಪ್ಪನಿಗೂ ಇದೇ ಲೆಕ್ಕ ಹೇಳಿ, ಅವ್ರ ಕಿಸೆಯ ಫೋನ್ ಇದಕ್ಕಿಂತ ಎಷ್ಟೋ ಪಟ್ಟು ಜೋರು. ನಳ್ಳಿ ಉದುರುದಕ್ಕೆ ಕೊಳೆರೋಗ, ನೀರು ಹೆಚ್ಚುಕಮ್ಮಿ, ಪೆಂಟಟೊಮಿಡ್ ತಿಗಣೆ ಅಂತ ಗೊತ್ತಿರುವ ಕಾರಣಗಳೇ ಬೇಕಾದಷ್ಟು ಉಂಟು, ಉದುರಿದ ನಳ್ಳಿ ಹೆಕ್ಕಿ ಸೂಜಿ ಚುಚ್ಚಿದ ಹಾಗಿನ ಗುರುತು ಉಂಟಾ ನೋಡ್ಲಿ.

ಹಾಕಿ ಕೊಟ್ಟವ್ರನ್ನು ಕರೆದು ಎರಡು ವಿಷಯ ಕೇಳಿ. ಒಂದು, ಯಾವ ಡಬ್ಬಿ ಯಾರ ಮೂಲಕ ಕಳಿಸ್ತದೆ ಅನ್ನುವ ಮ್ಯಾಪ್ ಒಂದು ವಾರದ್ದು ತೋರ್ಸಿ ಅಂತ, ಗೇಟ್‌ವೇಯಲ್ಲಿ ಅದು ಇರ್ತದೆ. ಇನ್ನೊಂದು, ಇದ್ರ ಫರ್ಮ್‌ವೇರಲ್ಲಿ ಟೈಮ್ ಸ್ಲಾಟಿನ ಮೋಡ್ ಉಂಟಾ ಅಂತ. ಟಿಎಸ್‌ಸಿಎಚ್ ಅಂತಾರೆ, 2012ರಲ್ಲಿ 802.15.4ಕ್ಕೆ ಸೇರಿದ್ದು. ಯಾರು ಯಾವ ಕ್ಷಣಕ್ಕೆ ಏಳ್ಬೇಕು ಅಂತ ಮೊದ್ಲೇ ನಿಗದಿ, ಕಾದು ಕೂರುದು, ಪುನಃ ಪುನಃ ಕರೆಯುದು ಇಲ್ಲ. ಎಲ್ಲ ಡಬ್ಬಿಯ ಗಡಿಯಾರ ಒಂದೇ ಹದದಲ್ಲಿ ಇರ್ಬೇಕು ಮಾತ್ರ, ಸಾಮಾನ್ಯ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದ್ರೂ ದಿನಕ್ಕೆ 1.7 ಸೆಕೆಂಡ್ ಆಚೀಚೆ ಆಗ್ತದೆ, ಹಾಗಾಗಿ ಆಗಾಗ ಸರಿಮಾಡಿಕೊಳ್ತಾ ಇರ್ತವೆ. ಬರೀ ಸಾಫ್ಟ್‌ವೇರ್ ಅಪ್‌ಡೇಟಲ್ಲಿ ಆಗುದಾದ್ರೆ ಖಂಡಿತ ಮಾಡಿಸಿ, ಡಬ್ಬಿಯನ್ನೇ ಬದಲಾಯಿಸ್ಬೇಕು ಅಂದ್ರೆ ಬೇಡ. ಹಾಗೇ ಡಬ್ಬಿ ಮಲಗಿದಾಗ ಮಣ್ಣಿನ ಸೆನ್ಸರಿಗೆ ಹೋಗುವ ಪವರೂ ಕಟ್ ಆಗ್ತದಾ ಅಂತ ಮಲ್ಟಿಮೀಟರ್ ಇಟ್ಟು ತೋರಿಸ್ಲಿಕ್ಕೆ ಹೇಳಿ. ಸೆನ್ಸರ್ ಸದಾ ಆನ್ ಇದ್ರೆ ರೇಡಿಯೋ ಎಷ್ಟು ಮಲಗಿದ್ರೂ ಉಳಿಯುದಿಲ್ಲ.

ಮೇಲಿನ ತಟ್ಟಿನ 6 ಡಬ್ಬಿ ಈಗ ಹಾಕ್ಬೇಡಿ. ಈಗಿನ ಸ್ಥಿತಿಯಲ್ಲಿ ಅವೂ ಇಳಿದು ಬಂದು ಪಂಪ್ ಶೆಡ್ಡಿನ ಎರಡರ ಮೇಲೇ ಕೂರ್ತವೆ. ಹೊಸ ಗಿಡಗಳ ಜಾಗ ಎತ್ತರದಲ್ಲಿ ಉಂಟಲ್ಲ, ಅಲ್ಲಿ ಬಿಸಿಲೂ ಬೀಳ್ತದೆ, ಅಲ್ಲೊಂದು ಎರಡನೇ ಗೇಟ್‌ವೇ ಸೋಲಾರಲ್ಲಿ ಇಟ್ರೆ ಆರು ಹೊಸದೂ, ಹಳೆಯದ್ರಲ್ಲಿ ತುದಿಯ ಐದಾರೂ ಆ ಕಡೆಗೆ ತಿರುಗ್ತವೆ, ಮನೆ ಕಡೆಗೆ ಭಾರ ಅರ್ಧ ಆಗ್ತದೆ. ಅಲ್ಲಿಂದ ಮನೆಗೆ ನೇರ ಕಾಣ್ತದಾ ಅಂತ ಮೊದ್ಲು ಹೋಗಿ ನಿಂತು ನೋಡಿ, ಕಂಡ್ರೆ ಎರಡು ವೈಫೈ ಆಂಟೆನಾ ಎದುರುಬದುರು ಇಟ್ಟು ಸೇರಿಸ್ಬಹುದು, ಕಾಣದಿದ್ರೆ ಅಲ್ಲಿಗೊಂದು ಸಿಮ್. ಮಳೆ ಹಿಡಿಯುವ ಮೊದ್ಲು ಯುಪಿಎಸ್ ಮತ್ತೆ ಪಂಪ್ ಶೆಡ್ಡಿನ ಕೆಲಸ ಮುಗಿಸಿ, ಎರಡನೇ ಗೇಟ್‌ವೇ ಮಳೆ ಬಿಟ್ಟ ಮೇಲೆ ಹಾಕಿದ್ರೂ ಸಾಕು.